ಎಣ್ಣಿ ಫ್ಯಾಕ್ಟರಿಯ ಚರಗ

"ಏನ್ ಬೇಕಾದ್ ಮಾಡ್ರಿ ಸರ. ಮಣ್ಣ ತಗೀರಿ, ಮಣ್ಣ ತುಂಬ್ರಿ. ಆದ್ರ ಈ ನೆಲಕ್ಕ 'ನಂದು' ಅಂತ ಮಾತ್ರ ಅನಬ್ಯಾಡ್ರಿ."

ಮುದುಕಿ ಗುರುಬಾಯಿ ಇಷ್ಟು ಹೇಳಿ ಫ್ಯಾಕ್ಟರಿಯ ಮುರುಕು ಕಂಪೌಂಡಿನ ಆಚೆಯೇ ನಿಂತಳು. ಒಂದು ಹೆಜ್ಜೆಯನ್ನೂ ಒಳಗಿಡಲಿಲ್ಲ. ಸುಧೀರ ಮೂಗಿನ ಮೇಲಿದ್ದ ಮಾಸ್ಕನ್ನು ಗದ್ದಕ್ಕೆ ಇಳಿಸಿ ನಕ್ಕುಬಿಟ್ಟ.

"ಇದು ಸರ್ಕಾರದ್ದು ಆಯಿ, ನಮ್ಮಪ್ಪನ ಆಸ್ತಿ ಅಲ್ಲ. ಅಂದ್ರೂ ಏನಾಗ್ತದ? ದೆವ್ವ ಬಂದು ಹಿಡಕೋತದೇನು?"

"ದೆವ್ವ ಆದ್ರ ಬೇವಿನ ತಪ್ಪಲಲೆ ಬಡದು ಓಡಸ್ತಿದ್ವಿರಿ," ಎಂದಳು ಮುದುಕಿ. "ಇದು ಓಡಿ ಹೋಗೋದಲ್ಲ."

ಸುಧೀರ ಜೆಸಿಬಿ ಓಡಿಸುವ ಮುಜಮ್ಮಿಲನ ಕಡೆ ತಿರುಗಿ ಕಣ್ಣು ಮಿಟುಕಿಸಿದ. ಮುಜಮ್ಮಿಲ ನಗಲಿಲ್ಲ. ಏನೂ ಕೇಳಿಸದವನಂತೆ ಎಂಜಿನ್ ಶುರು ಮಾಡಿದ. ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು. ಓದಿದವರಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅವಳಿಗೂ ಗೊತ್ತಿತ್ತೇನೋ.

ಸುಧೀರ ಧಾರವಾಡದವನು. ವಿಷ ಕುಡಿದ ನೆಲವನ್ನು ತೊಳೆದು ಬದುಕಿಸುವುದು ಅವನ ಕೆಲಸ. ಮಾದನಹಿಪ್ಪರಗಾ ದಾಟಿ ಒಳಗೆ ಹೋದರೆ ಸಿಗುವ ಈ ಸಣ್ಣ ಊರಿನ ಅಂಚಿನಲ್ಲಿ ಹಿಂದೊಮ್ಮೆ ಬೆಳೆಗೆ ಹೊಡೆಯುವ ಔಷಧಿ ಕಲಸಿ ಬಾಟಲಿಗೆ ತುಂಬುವ ಕಾರ್ಖಾನೆ ಇತ್ತು. ಆ ವಿಷಕ್ಕೆ ಈ ಕಡೆಯವರು ಎಣ್ಣಿ ಎನ್ನುತ್ತಾರೆ. ಹಾಗಾಗಿ ಅದು ಎಣ್ಣಿ ಫ್ಯಾಕ್ಟರಿ. ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ತುಕ್ಕು ಹಿಡಿದ ಡ್ರಮ್ಮುಗಳು ಒಳಗೊಳಗೇ ಸೋರುತ್ತಿದ್ದವು. ಸುತ್ತ ಎದೆಯೆತ್ತರ ತೊಗರಿ, ನಡುವೆ ಹುಲ್ಲೂ ಹುಟ್ಟದ ಕರಿ ನೆಲ. ಬಿಸಿಲೇರಿದರೆ ಕೊಳೆತ ಬೆಳ್ಳುಳ್ಳಿಯ ವಾಸನೆ ಏಳುತ್ತಿತ್ತು. ಊರಿನ ಮಕ್ಕಳಿಗೆ ಆಡಲು ಬೇರೆ ಜಾಗವಿಲ್ಲ. ಹವಳಗಾದ ಸಕ್ಕರೆ ಕಾರ್ಖಾನೆ ಕಡೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳ ನಡುವೆಯೇ ಅವರ ಕ್ರಿಕೆಟ್ಟು. ಈ ನೆಲವನ್ನು ಶುದ್ಧ ಮಾಡಿ, ಆಟದ ಬಯಲು ಮಾಡಿ, ಊರಿಗೆ ಒಪ್ಪಿಸಬೇಕು ಎಂಬುದು ಯೋಜನೆ.

ಒಳ್ಳೆಯ ಕೆಲಸಕ್ಕೆ ಬಂದವನನ್ನು ಊರು ಹೊತ್ತು ಮೆರೆಸಬೇಕಿತ್ತು. ಆದರೆ ಮೊದಲ ವಾರದಿಂದಲೇ ಸುಧೀರನಿಗೆ ಅನುಮಾನ ಹತ್ತಿತು. ಚಹಾದಂಗಡಿಯಲ್ಲಿ ಯಾರಿಗಾದರೂ "ನಿಮ್ಮೂರ ಫ್ಯಾಕ್ಟರಿ" ಎಂದರೆ ಸಾಕು, ಕಪ್ಪು ಕೆಳಗಿಟ್ಟು, "ಊರಂದಲ್ರಿ, ಊರ ಬಾಜೂಕ ಅದ," ಎಂದು ತಿದ್ದುತ್ತಿದ್ದರು. ಜಾಗ ತೋರಿಸುವಾಗಲೂ ಬೊಟ್ಟು ಮಾಡುತ್ತಿರಲಿಲ್ಲ, ಗದ್ದ ಎತ್ತಿ ತೋರಿಸುತ್ತಿದ್ದರು. ಮಣ್ಣಿನ ಪರೀಕ್ಷೆಗೆ ತೋಡಿದ ಕುಣಿಯಲ್ಲಿ ಒಂದು ಮುಂಜಾನೆ ಸೂಜಿ ಚುಚ್ಚಿದ ನಿಂಬೆಹಣ್ಣು, ಕುಂಕುಮ, ಯಾರದೋ ಕೂದಲು ಬಿದ್ದಿದ್ದವು. ಸುಧೀರ ಅದನ್ನು ಶೂಸಿನಿಂದ ಒದ್ದ. ಈ ಕೆಲಸ ನಿಲ್ಲಬೇಕೆಂದು ಯಾರೋ ಕಾಯುತ್ತಿದ್ದಾರೆ, ಅದರಿಂದ ಅವರಿಗೇನೋ ಲಾಭವಿದೆ ಎಂದು ಅವನಿಗೆ ಖಚಿತವಾಯಿತು.

ಯಾರೆಂದು ಹೇಳಿದವರು ದೌಲತರಾಯರು. ಆಳಂದದಲ್ಲಿ ತೊಗರಿ ಕೊಂಡು ಮಾರುವ ಅಡತಿ ಅಂಗಡಿ, ಹಣೆ ತುಂಬ ವಿಭೂತಿ, ಮಾತು ತುಂಬ ಸಕ್ಕರೆ. ಊರಿನಲ್ಲಿ ಅವರ ಮಾತೇ ಮಾತು. ಸುಧೀರನಿಗೆ ದಿನವೂ ಅವರ ಮನೆಯಿಂದಲೇ ಬುತ್ತಿ ಬರುತ್ತಿತ್ತು.

"ಆ ಮುದಕಿ ಗುರುಬಾಯಿದ ಕರಾಮತ್ತಿದು ಸಾಹೇಬ್ರ," ಎಂದರು ಅವರು ದನಿ ತಗ್ಗಿಸಿ. "ಆ ಹೊಲಾ ಮದಲ ಆಕಿ ಗಂಡಂದು. ಫ್ಯಾಕ್ಟರಿಗಿ ಹೋಯ್ತು. ಗಂಡ ಸತ್ತ, ಮಕ್ಳಿಲ್ಲ. ಆಸೆ ಇನ್ನೂ ಬಿಟ್ಟಿಲ್ಲ ನೋಡ್ರಿ. ಮಂದೀನ್ನ ಅಂಜಿಸಿ ಕಬ್ಜಾ ಮಾಡ್ಬೇಕಂತಾಳ. ಭಾಳ ಹುಷಾರ್ ಇರ್ರಿ."

ಸುಧೀರನಿಗೆ ಲೆಕ್ಕ ತಾಳೆಯಾಯಿತು. ತನಗೆ ಬೇಕಾದ ನೆಲವನ್ನು ಬೇರೆ ಯಾರೂ ನನ್ನದು ಎನ್ನಬಾರದು. ಮುದುಕಿಯ ಎಚ್ಚರಿಕೆಯ ತಿರುಳು ಅಷ್ಟೇ!

ಅಗೆತ ನಡೆಯಿತು. ಕರಿ ಮಣ್ಣನ್ನು ದಪ್ಪ ಚೀಲಗಳಲ್ಲಿ ಬಿಗಿದು ದೂರ ಸಾಗಿಸಿದರು. ಫ್ಯಾಕ್ಟರಿಯ ನೆಲಗಟ್ಟು ಒಡೆದ ದಿನ ಆಳದಿಂದ ಜೆಸಿಬಿಯ ಬಕೆಟ್ಟಿನಲ್ಲಿ ಒಂದಿಷ್ಟು ಕಡಬು ಬಂದವು. ಹಬ್ಬಕ್ಕೆ ಮಾಡುವ ಜೋಳದ ಕಡಬು. ಮೇಲೆ ಬೆರಳಿನ ಗುರುತು ಕೂಡ ಹಾಗೇ ಇತ್ತು. ಇರುವೆ ಮುಟ್ಟಿರಲಿಲ್ಲ, ಬೂಷ್ಟು ಹಿಡಿದಿರಲಿಲ್ಲ. ಮುಜಮ್ಮಿಲ ಎಂಜಿನ್ ಆರಿಸಿ ಕೆಳಗಿಳಿದ.

"ವಿಷದ ಮಣ್ಣಾಗ ಹುಳಾ ಬದುಕೂದಿಲ್ಲೋ ಮಾರಾಯಾ, ಅದಕ್ಕ ಕೊಳತಿಲ್ಲ," ಎಂದು ಸುಧೀರ ಸಮಾಧಾನ ಹೇಳಿದ.

"ನಿಮ್ಮ ಮಾತ ಖರೇ ಇರ್ಬಹುದ್ರಿ," ಎಂದ ಮುಜಮ್ಮಿಲ. ಮರುದಿನದಿಂದ ಅವನು ಕೆಲಸಕ್ಕೆ ಬರಲಿಲ್ಲ. ಬೇರೆಯವರು ಬಂದರು, ಕೆಲಸ ಮುಗಿಯಿತು. ಹೊಸ ಮಣ್ಣು ಬಂತು. ಪರೀಕ್ಷೆಯಲ್ಲಿ ನೆಲ ಶುದ್ಧ ಎಂದು ಬಂತು. ಜೋಕಾಲಿ, ಜಾರುಬಂಡೆ ನೆಟ್ಟದ್ದಾಯಿತು. ಹುಲ್ಲೂ ಚಿಗುರಿತು.

ಆದರೆ ಒಂದು ಕೂಸೂ ಒಳಗೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳು ಕಂಪೌಂಡಿನ ಆಚೆ ಸಾಲಾಗಿ ನಿಂತು ಖಾಲಿ ಜೋಕಾಲಿಯನ್ನು ನೋಡಿ ಮನೆಗೆ ಹೋಗುತ್ತಿದ್ದರು. ಸುಧೀರ ಕೈ ಬೀಸಿ ಕರೆದರೂ ಬರುತ್ತಿರಲಿಲ್ಲ. ವರ್ಷದ ದುಡಿಮೆ! ಅದಕ್ಕೂ ದೌಲತರಾಯರೇ ದಾರಿ ತೋರಿಸಿದರು.

"ಜನಾ ಕಾಗದಾ ನಂಬೂದಿಲ್ರಿ ಸಾಹೇಬ್ರ, ಕಣ್ಣ ನಂಬ್ತಾರ. ಎಳ್ಳ ಅಮಾಸಿ ಬಂತು. ಅಡಗಿ ನಮ್ಮನ್ಯಾಗ ಮಾಡಸ್ತೇನಿ. ನೀವ ನಿಮ್ಮ ಕೈಲೆ ಚರಗ ಚೆಲ್ರಿ, ಮನಿಮಂದಿ ಕೂಡಿ ಅಲ್ಲೇ ಕುಂತು ಉಣ್ರಿ. ಆಮ್ಯಾಲ ಹುಡ್ರು ಹ್ಯಾಂಗ ಓಡಿ ಬರ್ತಾವ ನೋಡ್ರಿ."

ಎಳ್ಳ ಅಮಾವಾಸ್ಯೆಗೆ ಈ ಸೀಮೆಯಲ್ಲಿ ಊರಿಗೆ ಊರೇ ಹೊಲದಲ್ಲಿರುತ್ತದೆ. ಪೈರು ಹೊತ್ತ ಭೂಮಿತಾಯಿ ಬಸುರಿ, ಅವಳ ಬಯಕೆ ತೀರಬೇಕು. ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ ಒಯ್ದು ಹೊಲದ ತುಂಬ ಚೆಲ್ಲುತ್ತಾರೆ. ಅದೇ ಚರಗ. ಆದರೆ ಪರರ ಹೊಲದಲ್ಲಿ ಯಾರೂ ಚರಗ ಚೆಲ್ಲುವುದಿಲ್ಲ. ಚೆಲ್ಲಿದವನೇ ಒಡೆಯ. ಇದು ಈ ಕಡೆಯ ಮೂರು ವರ್ಷದ ಕೂಸಿಗೂ ಗೊತ್ತು. ತಲೆತಲಾಂತರದಿಂದ ಕಚೇರಿಯ ಕುರ್ಚಿ ಸವೆಸಿಕೊಂಡು ಬಂದ ಮನೆತನದ ಸುಧೀರನಿಗೆ ಎಲ್ಲಿಂದ ಗೊತ್ತಿರಬೇಕು? ಗೊತ್ತಿದ್ದವರು ಹೇಳಲಿಲ್ಲ.

ಹೆಂಡತಿ ಪ್ರಮಿಲಾ ಆರು ವರ್ಷದ ಮಗಳು ಮಂಜರಿಯನ್ನು ಕರೆದುಕೊಂಡು ಧಾರವಾಡದಿಂದ ಬಂದಳು. ಅಮಾವಾಸ್ಯೆಯ ದಿನ ಬಿಸಿಲು ಹದವಾಗಿತ್ತು. ಜೋಳದ ತೆನೆ ಹಾಲುಗಟ್ಟಿದ ವಾಸನೆ, ಕಡಲೆಗಿಡದ ಹುಳಿ ವಾಸನೆ ಗಾಳಿಯಲ್ಲಿತ್ತು. ಸುತ್ತಲ ಹೊಲಗಳಿಂದ "ಹುಲಿಗ್ಯೋ, ಹುಲಿಗ್ಯೋ" ಎಂಬ ಚರಗದ ಕೂಗು ಕೇಳುತ್ತಿತ್ತು. ಊರವರು ಕಂಪೌಂಡಿನ ಆಚೆ ಬಂದು ನಿಂತರು. ಸುಧೀರ ಬುಟ್ಟಿ ಹಿಡಿದು, ಮಗಳನ್ನು ಮುಂದೆ ಬಿಟ್ಟುಕೊಂಡು, ಬಯಲಿನ ನಾಲ್ಕೂ ಮೂಲೆಗೆ ಚೆಲ್ಲುತ್ತ ನಡೆದ. ಮಂಜರಿಗೆ ಇದು ದೊಡ್ಡ ಆಟ. ಅಪ್ಪನಿಗಿಂತ ಜೋರಾಗಿ ಕೂಗಿದಳು.

"ಸಾಹೇಬ್ರ!" ದೌಲತರಾಯರು ಆಚೆಯಿಂದ ಕೂಗಿದರು. "ಜೋರ್‌ಲೆ ಹೇಳ್ರಿ, ಈ ಹೊಲಾ ಯಾರ್ದು?"

ಇದೂ ಪದ್ಧತಿಯೇ ಇರಬೇಕೆಂದುಕೊಂಡ ಸುಧೀರ. "ನಂದ್ರೀ ಸಾವಕಾರ್ರ, ನಂದು!" ಎಂದ ನಗುತ್ತ.

"ನಮ್ಮಪ್ಪಂದು!" ಎಂದು ಮಂಜರಿ ಕುಣಿದಳು.

ಕಂಪೌಂಡಿನ ಆಚೆ ಇಡೀ ಊರು ಒಮ್ಮೆಲೇ ಉಸಿರು ಬಿಟ್ಟಿತು. ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ದೌಲತರಾಯರು ಕೈ ಮುಗಿದರು. ಇಷ್ಟು ದಿನದಲ್ಲಿ ಅವರು ಸುಧೀರನಿಗೆ ಕೈ ಮುಗಿದದ್ದು ಅದೇ ಮೊದಲು. ಸುಧೀರನ ಎದೆಯುಬ್ಬಿತು.

ಊಟಕ್ಕೆ ಕೂತಾಗ ಅವನು ಎಲ್ಲರನ್ನೂ ಕರೆದ. ಒಬ್ಬರಿಗೆ ಉಪವಾಸ, ಒಬ್ಬರಿಗೆ ಹೊಟ್ಟೆನೋವು. ಯಾರೂ ಒಂದು ತುತ್ತು ಮುಟ್ಟಲಿಲ್ಲ.

"ನಿಮ್ಮ ಮನ್ಯಾಗ ಮಾಡಿದ ಅಡಗಿ, ನೀವೂ ಉಣ್ಣೂದಿಲ್ಲೇನ್ರಿ?" ಎಂದ ದೌಲತರಾಯರಿಗೆ.

"ಒಬ್ರ ಹೊಲದಾಗ ಅಮಾಸಿ ಊಟ ಉಂಡ್ರ ಅವರ ಮನಿಮಂದಿನ ಆಗಿಬಿಡ್ತೇವ್ರಿ ಸಾಹೇಬ್ರ," ಎಂದು ಅವರು ನಕ್ಕರು. "ನೀವು ಮನಿಯವ್ರು ಉಣ್ರಿ."

ಆಮೇಲೆ ತಿರುಗಿ ಮಕ್ಕಳಿಗೆ ಕೈ ಬೀಸಿದರು. "ಹೋಗ್ರಿನ್ನ, ಆಡ್ರಿ. ಆದ್ರ ಸಾಹೇಬ್ರ ಬುಟ್ಟಿಗಿ ಕೈ ಹಚ್ಚಬ್ಯಾಡ್ರಿ."

ಮಕ್ಕಳು ನುಗ್ಗಿದರು. ಜೋಕಾಲಿಯ ಸರಪಳಿ ಕಿರುಗುಟ್ಟಿತು. ದೌಲತರಾಯರದೇ ಮೊಮ್ಮಗಳು ಭುವನೇಶ್ವರಿ ಎಲ್ಲರಿಗಿಂತ ಮೊದಲು ಜಾರುಬಂಡೆ ಹತ್ತಿದಳು. ಆ ಕೇಕೆ ಕೇಳಿ ಸುಧೀರನ ಕಣ್ಣಲ್ಲಿ ನೀರು ಬಂತು. ನಿಜಕ್ಕೂ ಬಂತು. ಆದರೂ ಒಂದು ಹರಳು ಶೂಸಿನಲ್ಲಿ ಸಿಕ್ಕಂತೆ ಏನೋ ಚುಚ್ಚುತ್ತಿತ್ತು. ನೆಲ ನಂಬಿ ಮಕ್ಕಳನ್ನು ಬಿಟ್ಟವರು ಅನ್ನವನ್ನೇಕೆ ನಂಬಲಿಲ್ಲ?

ಚೆಲ್ಲಿದ ಚರಗಕ್ಕೆ ಗುಬ್ಬಿ ಬಂದಿರಲಿಲ್ಲ. ಕಾಗೆಯೂ ಇಲ್ಲ. ಪಕ್ಕದ ಹೊಲದಲ್ಲಿ ಹಕ್ಕಿಗಳ ಸಂತೆಯೇ ನೆರೆದಿತ್ತು. ಸುಧೀರ ಎದ್ದು ಹೋಗಿ ನೋಡಿದ. ಚೆಲ್ಲಿದಲ್ಲಿ ಏನೂ ಇರಲಿಲ್ಲ. ಭಜ್ಜಿಯ ಕಲೆ ಕೂಡ ಇರಲಿಲ್ಲ. ನೆಲ ನೆಕ್ಕಿದಷ್ಟು ಚೊಕ್ಕಟವಾಗಿತ್ತು.

ಮಂಜರಿ ಅಷ್ಟು ದೂರದಲ್ಲಿ ಹುಲ್ಲಿನ ಮೇಲೆ ಬೋರಲು ಮಲಗಿ ನೆಲಕ್ಕೆ ಕಿವಿ ಇಟ್ಟಿದ್ದಳು.

"ಅಪ್ಪಾ, ಒಳಗ ಯಾರೋ ಊಟಾ ಮಾಡ್ಲಿಕತ್ತಾರ."

"ಎದ್ದೇಳವಾ, ಅಂಗಿ ಹೊಲಸಾಗ್ತದ."

"ಖರೇ ಅಪ್ಪಾ. ಕೇಳು."

ಅವಳ ಸಮಾಧಾನಕ್ಕೆಂದು ಅವನೂ ಬಾಗಿ ಕಿವಿ ಇಟ್ಟ. ಮೊದಲು ಏನೂ ಇಲ್ಲ. ಆಮೇಲೆ ಕೇಳಿಸಿತು. ಖಡಕ್ ರೊಟ್ಟಿ ಮುರಿಯುವ ಸದ್ದು. ಅಗಿಯುವ ಸದ್ದು. ನಿಧಾನವಾಗಿ, ಗಡಿಬಿಡಿಯಿಲ್ಲದೆ, ಮನೆಯಲ್ಲಿ ಕೂತು ಉಣ್ಣುವವರ ಹಾಗೆ. ನುಂಗಿದ ಸದ್ದು. ಸದ್ದು ನಿಂತಿತು. ಕೊಳೆತ ಬೆಳ್ಳುಳ್ಳಿಯ ವಾಸನೆ ಮುಖಕ್ಕೆ ರಾಚಿತು.

ವಾಸನೆ ನೆಲದಿಂದ ಬಂದಿರಲಿಲ್ಲ. ಮಗಳ ಬಾಯಿಂದ ಬಂದಿತ್ತು.

"ಅಪ್ಪಾ, ಹೊಟ್ಟಿ..." ಎಂದಳು ಮಂಜರಿ. ಮೈಯೆಲ್ಲ ಬೆವರು. ಬಾಯಿಂದ ನೊರೆ. ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟು ಸಣ್ಣ. ಈ ಲಕ್ಷಣಗಳು ಸುಧೀರನಿಗೆ ಗೊತ್ತಿದ್ದವು. ಎಣ್ಣಿ ಕುಡಿದವರಿಗೆ ಹೀಗಾಗುತ್ತದೆ. ಆದರೆ ಒಂದೇ ಬುಟ್ಟಿಯ ಅಡುಗೆಯನ್ನು ಮೂವರೂ ಉಂಡಿದ್ದರು.

ಪ್ರಮಿಲಾ ಚೀರಿದಳು. ಸುಧೀರ ಮಗಳನ್ನು ಎತ್ತಿಕೊಂಡು ಕಾರಿಗೆ ಓಡಿದ. ದೌಲತರಾಯರು ತಾವೇ ಬಾಗಿಲು ತೆರೆದುಕೊಟ್ಟರು. "ಜಲ್ದಿ ಹೋಗ್ರಿ ಸಾಹೇಬ್ರ. ಆಳಂದದಾಗ ತೋರಸಬ್ಯಾಡ್ರಿ, ಸೀದಾ ಕಲಬುರ್ಗಿಗಿ ಹೋಗ್ರಿ. ದೂರ ಹೋಗ್ರಿ." ಅವರ ಮುಖದಲ್ಲಿ ಗಾಬರಿ ಇರಲಿಲ್ಲ. ಅಚ್ಚರಿಯೂ ಇರಲಿಲ್ಲ. ಕಾರು ಹೊರಟಾಗ ಅವರು ಮನೆಯ ಕಡೆ ನಡೆಯುವುದು ಕನ್ನಡಿಯಲ್ಲಿ ಕಂಡಿತು.

ತೊಗರಿ ಹೊಲ ದಾಟುವಷ್ಟರಲ್ಲಿ ಮಂಜರಿಯ ಉಸಿರು ಗೊರಗೊರ ಎಂದಿತು. ಜೋಳದ ಹೊಲ ಬಂತು. ಉಸಿರು ತುಂಡಾಯಿತು. ಡಾಂಬರು ರಸ್ತೆ ಕಂಡಿತು. ಉಸಿರು ನಿಂತಿತು.

"ರೀ, ನಿಂತದ! ಉಸಿರು ನಿಂತದ!"

ಸುಧೀರ ಬ್ರೇಕು ಒತ್ತಿದ. ಗಡಿಬಿಡಿಯಲ್ಲಿ ಗೇರು ತಪ್ಪಿತು. ಕಾರು ಹಿಂದಕ್ಕೆ ಸರಿಯಿತು. ಮಂಜರಿಯ ಎದೆ ಒಮ್ಮೆ ಏರಿತು. ಅವನು ಮತ್ತೆ ಮುಂದೆ ಬಿಟ್ಟ. ಎದೆ ನಿಂತಿತು. ಹಿಂದೆ ತಂದ. ಉಸಿರಾಡಿದಳು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಸುಧೀರ ಕಾರನ್ನು ಹಿಂದುಹಿಂದಾಗಿಯೇ ಬಯಲಿನ ತನಕ ತಂದ.

ಹೊತ್ತು ಇಳಿದಿತ್ತು. ದೊಡ್ಡವರೆಲ್ಲ ತಮ್ಮ ತಮ್ಮ ಹೊಲಗಳಿಗೆ ಹೋಗಿದ್ದರು. ಆ ಕಡೆ ಮೂಲೆಯಲ್ಲಿ ಮಕ್ಕಳಷ್ಟೇ ಜೋಕಾಲಿ ಆಡುತ್ತಿದ್ದರು. ಕಂಪೌಂಡಿನ ಸಂದಿಯಲ್ಲಿ ಗುರುಬಾಯಿ ನಿಂತಿದ್ದಳು, ಅವನ ದಾರಿಯನ್ನೇ ಕಾಯುತ್ತಿದ್ದವಳಂತೆ.

"ನೀನ ಮಾಡೀದಿ ಇದನ್ನ!" ಸುಧೀರ ಅವಳ ಮೇಲೆ ಏರಿಹೋದ.

"ಹೌದ್ರಿ. ಮಾಡಿದಾಕಿ ನಾನ," ಎಂದಳು ಮುದುಕಿ. "ನಿಮ್ಮ ಮ್ಯಾಲ ಅಲ್ಲ. ಫ್ಯಾಕ್ಟರಿಯವ್ರು ನನ್ನ ಗಂಡ ಅಮೋಘಸಿದ್ದಗ ಸೆರಿ ಕುಡಿಸಿ, ಹೆಬ್ಬಟ್ಟ ಒತ್ತಿಸಿ ಈ ಹೊಲಾ ಕಸಗೊಂಡ್ರು. ಸಾಕ್ಷಿ ನಿಂತಾವ ದೌಲತರಾಯನ ಅಪ್ಪ. ಊರ ಮಂದಿ ನೋಡಕೋತ ನಿಂತ್ರು. ನನ್ನ ಗಂಡ ಇದ ಫ್ಯಾಕ್ಟರಿ ಎಣ್ಣಿ ಕುಡದು ಸತ್ತ. ಅವನ ಕುಣಿ ಮಣ್ಣ ಚರಗದಾಗ ಕಲಸಿ ಇಲ್ಲಿ ಚೆಲ್ಲಿದ್ನಿ. ನೆಲಾ ಒಳಗ ಎಳಕೊಂಡತು, ನಿಮ್ಮ ಜೆಸಿಬಿಗಿ ಸಿಕ್ಕ ಕಡಬು ಅವ. ಈ ನೆಲಾ ನಂದು ಅಂದಾವನ ಮನಿ ಕುಡೀನ್ನ ಈ ನೆಲಾನ ಉಣ್ಲಿ ಅಂದ್ನಿ. ಫ್ಯಾಕ್ಟರಿ ಸಾವಕಾರನ ಕೂಸಿನ್ನ ಉಂಡತು. ಅವನ ಕಡಿಂದ ತಗೊಂಡಾವಂದೂ ಉಂಡತು. ಆಮ್ಯಾಲ ಯಾರೂ ನಂದು ಅನಲಿಲ್ಲ. ಅದು ಹಸಗೊಂಡ ಕುಂತಿತ್ತು. ಒಡಿಯಾ ಇಲ್ಲದ ಹಸದ ನೆಲದಾಗ ಮಕ್ಕಳನ್ನ ಹ್ಯಾಂಗ ಬಿಡೂದು? ಒಡಿಯಾ ಇದ್ರ ಅವನ ಕೂಸಿನ್ನ ಅಷ್ಟ ಉಣ್ತದ. ಅದಕ್ಕ ಊರವ್ರು ನಿಮ್ಮನ್ನ ಒಡಿಯಾ ಮಾಡಿದ್ರು."

ಸುಧೀರನಿಗೆ ಒಂದೊಂದೇ ನೆನಪಾಯಿತು. ದಿನವೂ ಬಂದ ಬುತ್ತಿ. ಕೈ ಮುಗಿದ ದೌಲತರಾಯರು. ಕಣ್ಣೊರೆಸಿಕೊಂಡ ಹೆಂಗಸು. ದಾರಿಯಲ್ಲಿ ಹೋಗುವ ಮಾರಿಯನ್ನು ತಾನೇ ಮನೆಗೆ ಕರೆದಿದ್ದ.

"ಬಿಡಸು ಆಯಿ. ನಿನ್ನ ಕಾಲಿಗೆ ಬೀಳ್ತೀನಿ."

"ಬಿಡಸಾಕ ಬರೂದಿಲ್ರಿ. ದಾಟಸಾಕ ಬರ್ತದ. ನನಗ ಕೊಡ್ರಿ. ನಿಮ್ಮ ಬಾಯಿಲೆ, ಇದು ನಿಂದು ಅನ್ರಿ."

ಅಲ್ಲಿಗೆ ಸುಧೀರ ತಡೆದು ನಿಂತ. ಈಗಲೂ ಅವನಿಗೆ ಅನುಮಾನ. ಈ ಹೊಲದ ಆಸೆ ಇವಳಿಗೆ ಬಿಟ್ಟಿಲ್ಲ ಎಂದಿದ್ದರಲ್ಲ.

"ಇಷ್ಟು ದಿನ ಯಾಕ ತಗೊಳ್ಳಿಲ್ಲ?"

"ಕೊಡಾವರು ಯಾರಿದ್ರು? ಸರ್ಕಾರಕ್ಕ ಬಾಯಿ ಎಲ್ಲಿ ಅದ?"

"ನಿನ್ನ ಮನೀದು ಉಣ್ಣೂದಿಲ್ಲೇನು ಅದು?"

"ನನ್ನ ಮನ್ಯಾಗ ಯಾರದಾರ್ರಿ ಸರ, ಉಣ್ಣಾಕ?"

ಅವಳ ಕಣ್ಣಲ್ಲಿ ಸುಳ್ಳು ಇದೆಯೇ ಎಂದು ಅವನು ಹುಡುಕಿದ. ಸುಳ್ಳು ಕಾಣಲಿಲ್ಲ. ಬೇರೇನೋ ಇತ್ತು. ಹಬ್ಬದ ದಿನ ತವರಿಗೆ ಹೊರಟ ಹೆಣ್ಣಿನ ಕಳೆ. ಅದು ಅವನಿಗೆ ಹಿಡಿಸಲಿಲ್ಲ. ಕಾರಿನಲ್ಲಿ ಮಂಜರಿಯ ಕೈಕಾಲು ಸೆಟೆದವು.

"ಕೊಟ್ಟುಬಿಡ್ರೀ!" ಪ್ರಮಿಲಾ ಕಿರುಚಿದಳು. "ಯಾರರೆ ತಗೋಲಿ, ಕೊಟ್ಟುಬಿಡ್ರೀ!"

"ನಿಂದು," ಎಂದ ಸುಧೀರ. "ಈ ನೆಲಾ ನಿಂದು ಆಯಿ."

ಗುರುಬಾಯಿ ಬಗ್ಗಿ ಹೊಸಿಲು ಮುಟ್ಟಿ ನಮಸ್ಕರಿಸುವಂತೆ ನೆಲ ಮುಟ್ಟಿದಳು. ಒಳಗೆ ಕಾಲಿಟ್ಟಳು. ಉಡಿಯಲ್ಲಿ ಕಟ್ಟಿ ತಂದಿದ್ದ ಕಡಬು ಬಿಚ್ಚಿ, ಒಂದನ್ನು ಪುಡಿ ಮಾಡಿ ಚೆಲ್ಲಿದಳು. "ಹುಲಿಗ್ಯೋ," ಎಂದಳು ಮೆಲ್ಲಗೆ.

ಕಾರಿನೊಳಗೆ ಮಂಜರಿ ದೊಡ್ಡದಾಗಿ ಉಸಿರೆಳೆದಳು. ಕಣ್ಣು ಬಿಟ್ಟು, "ಅವ್ವಾ, ನೀರು," ಎಂದಳು. ಬಾಯಿಯ ವಾಸನೆ ಹೋಗಿತ್ತು. ಪ್ರಮಿಲಾ ಮಗಳನ್ನು ಅವುಚಿಕೊಂಡು ಗಳಗಳ ಅತ್ತಳು. ಸುಧೀರನೂ ಓಡಿಬಂದು ಕಾರಿನಲ್ಲಿ ಕೂತು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಅತ್ತ.

ತಲೆ ಎತ್ತಿದಾಗ ಗುರುಬಾಯಿ ಬಯಲಿನ ನಡುವೆ ಕಾಲು ಚಾಚಿ ಕೂತಿದ್ದಳು. ಉಡಿ ಇನ್ನೂ ತುಂಬಿತ್ತು.

"ಬರ್ರಿ ಬರ್ರಿ, ಹಬ್ಬದ ದಿನ ಹಸಗೊಂಡು ಆಡಬಾರ್ದು," ಎಂದು ಮಕ್ಕಳನ್ನು ಕರೆಯುತ್ತಿದ್ದಳು. "ನಿಮ್ಮ ಆಯಿ ಮಾಡ್ಯಾಳ. ಬೆಲ್ಲದ ಕಡಬು."

ಸಾಹೇಬರ ಬುಟ್ಟಿ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳಿದ್ದರು. ಮುದುಕಿಯ ಉಡಿಯ ವಿಷಯ ಯಾರೂ ಹೇಳಿರಲಿಲ್ಲ. ನೆಲ ಕೈ ಬದಲಾಯಿಸಿದ್ದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಕ್ಕಳು ಓಡಿಬಂದು ಅವಳ ಸುತ್ತ ಪಂಕ್ತಿ ಹಿಡಿದರು. ಎಲ್ಲರಿಗಿಂತ ಮುಂದೆ ಕೂತವಳು ಭುವನೇಶ್ವರಿ.

ಒಬ್ಬರ ಹೊಲದಲ್ಲಿ ಅಮಾವಾಸ್ಯೆಯ ಊಟ ಉಂಡರೆ ಅವರ ಮನೆಯವರೇ ಆಗುತ್ತೇವೆ. ಸುಧೀರನ ಕೈ ಬಾಗಿಲ ಹಿಡಿಗೆ ಹೋಯಿತು. ಓಡಬೇಕು. ಕೂಗಬೇಕು. ಆ ಕಡಬು ಕಸಿದು ಎಸೆಯಬೇಕು. ಆದರೆ ಮುದುಕಿ ಸಿಟ್ಟಿಗೆದ್ದು ನೆಲವನ್ನು ಮತ್ತೆ ನಿಂದು ಎಂದುಬಿಟ್ಟರೆ?

ಗುರುಬಾಯಿ ತಿರುಗಿ ಅವನನ್ನು ನೋಡಿದಳು. "ಹೋಗ್ರಿ ಸರ," ಎಂದಳು ಅಂತಃಕರಣದಿಂದ. "ಕೂಸಿನ್ನ ಮನಿಗಿ ಕರಕೊಂಡ ಹೋಗ್ರಿ."

ಅವನ ಕೈ ಹಿಡಿಯ ಮೇಲೆಯೇ ಇತ್ತು. ಭುವನೇಶ್ವರಿ ಕಡಬು ಬಾಯಿಗಿಟ್ಟಳು. ಕಚ್ಚಿದಳು. ಇನ್ನೊಂದು ಕೈ ಚಾಚಿದಳು.

ಪ್ರಮಿಲಾ ಎಲ್ಲವನ್ನೂ ನೋಡುತ್ತಿದ್ದಳು. ಅವಳು ತನ್ನ ಕಡೆಯ ಗಾಜು ಏರಿಸಿದಳು.

"ಗಾಡಿ ಬಿಡ್ರಿ."

"ಪ್ರಮೀ, ಆ ಹುಡುಗರು..."

"ನಮ್ಮ ಹುಡುಗಿ ಉಸಿರಾಡ್ಲಿಕತ್ತಾಳ. ಗಾಡಿ ಬಿಡ್ರಿ."

ಸುಧೀರ ಗಾಡಿ ಬಿಟ್ಟ.